ಕಲ್ಲುಚರ್ಚಿನ ಕೊನೆಯ ಸಭೆ

ವೇಲ್ಸಿನ ಆ ಬೆಟ್ಟದೂರಿನ ಬಸ್ ನಿಲ್ದಾಣದಲ್ಲಿ ಮುದುಕ ಇಯೆಸ್ಟಿನ್ ಪೇಪರಿನ ಮರೆಯಲ್ಲಿ ಕೂತಿದ್ದ. ಪಕ್ಕದಲ್ಲೇ ಎಲುನೆಡ್, ಅವಳ ತಂಗಿ ನೆಸ್ಟಾ.

“ಚರ್ಚು ಮುಚ್ಚೋದೇ ಅಂತಾಯ್ತಾ, ಅಕ್ಕ?” ಎಂದಳು ನೆಸ್ಟಾ.

“ಹ್ಞೂಂ. ಕೈ ಎತ್ತಿಸಿದ್ರು. ಒಂದೇ ಒಂದು ಕೈ ಹೆಚ್ಚಿದ್ರೆ ಉಳೀತಿತ್ತು. ನೀನು ಕಾಲುನೋವು ಅಂತ ಮನೇಲಿ ಬಿದ್ಕೊಂಡಿದ್ದೆ.”

“ಅಯ್ಯೋ! ಮುತ್ತಜ್ಜ ಬೆನ್ನ ಮೇಲೆ ಕಲ್ಲು ಹೊತ್ತು ಕಟ್ಟಿದ್ದು.”

“ಅಳು ಈಗ. ಲಂಡನ್ನಿನೋನ್ಯಾರೋ ಕೊಂಡ್ಕೋತಾನಂತೆ. ಅಪ್ಪ ಕೂರ್ತಿದ್ದ ಹಿರಿಯರ ಪೀಠದ ಜಾಗದಲ್ಲಿ ಸ್ನಾನದ ತೊಟ್ಟಿ ಇಡ್ತಾನಂತೆ.”

ನೆಸ್ಟಾ ಮೂಗು ಒರೆಸಿಕೊಂಡಳು. “ನಮ್ಮ ಗ್ವೆನ್ ಬಂದಿದ್ಲಾ?”

“ಬಂದಿದ್ಲು. ಬಾಗಿಲಾಚೆ ಮಳೇಲಿ ನಿಂತಿದ್ಲು.”

“ಒಳಗೆ ಕರೀಬಾರ್ದಿತ್ತಾ? ಒಡಹುಟ್ಟಿದೋಳು.”

“ಮದುವೆಗೆ ಮುಂಚೆ ಬಸುರಾದೋಳು. ಅಪ್ಪನೇ ಎದ್ದುನಿಂತು ಸಭೆಯಿಂದ ಹೊರಗೆ ಹಾಕ್ಸಿದ್ದು, ಮರೆತ್ಯಾ?”

“ಐವತ್ತು ವರ್ಷ ಆಯ್ತಲ್ಲ, ಅಕ್ಕ.”

“ಆದ್ರೇನು?”

ಬಸ್ಸು ಬಂದು ನಿಂತಿತು. ಇಯೆಸ್ಟಿನ್ ಅವರ ಮಾತಿಗೇ ಕಿವಿಗೊಟ್ಟು, ಓದಿದ ಸಾಲನ್ನೇ ಮತ್ತೆ ಓದುತ್ತಿದ್ದ.

“ಏನೂ ಅನ್ಲಿಲ್ವಾ ಅವಳು?”

“ಉಳಿಸ್ಬೇಕು ಅನ್ನೋರು ಕೈ ಎತ್ತಿ ಅಂದಾಗ ಅವಳೂ ಎತ್ತಿದ್ಲು ಕಣೇ, ಹೊಸ್ತಿಲಾಚೆಯಿಂದ.”

“ಮತ್ತೆ?”

“ಮತ್ತೇನು? ಎಣಿಸ್ತಿದ್ದೋಳು ನಾನು. ಅವಳದ್ದು ಬಿಟ್ಟೆ. ನಡಿ, ಹತ್ತು.”