ಅಂದಾನೆಪ್ಪನ ಗಿಟಾರು

ಬಾಗಿಲಾ ಮುಂದ ಮಾಡ್ರಿ ಮೊದಲ. ದನಿ ಸಣ್ಣದಿರಲಿ. ಸಿದ್ದವ್ವನ ಮನಿ ಈ ಗ್ವಾಡಿ ಆಚೀಕಡೆನ ಐತಿ, ಆಕಿ ಮಗನ ಮ್ಯಾಲ ಬಂದದ್ದನ್ನ ಹೇಳಾಕತ್ತೇವಿ ಅಂತ ಗೊತ್ತಾದ್ರ ಮತ್ತ ಅಳಾಕ ಕುಂದರತಾಳ.

ಹಾವೇರಿಯಿಂದ ಬಂದ ಕಡೀ ಬಸ್ಸು ಬ್ಯಾಡಗಿ ಸ್ಟ್ಯಾಂಡಿನ್ಯಾಗ ಪ್ರವೀಣಕುಮಾರನ್ನ ಇಳಿಸಿ ಹೋತು. ಆ ಸಿದ್ದವ್ವನ ಮಗ. ಹೆಗಲಿಗೆ ಗಿಟಾರ್ ಇತ್ತು. ಆದ್ರ ತನ್ನದಲ್ಲ… ಗೆಳೆಯ ಚೇತನಕುಮಾರಂದು. ಊರ ದಾಟಿ, ಆಲದಮರ, ಹಾಳಬಾವಿ, ಆಮ್ಯಾಲ ನಮ್ಮ ಓಣಿ. ಗಾಳ್ಯಾಗ ಪ್ಯಾಟಿಯ ಮೆಣಸಿನಕಾಯಿ ಘಾಟು. ಕಣ್ಣು ಉರಿಯಾಕತ್ತಿದ್ವು. ಘಾಟಿಗೋ, ಅಳುವಿಗೋ, ಅವಗ ಗೊತ್ತಿರಲಿಲ್ಲ.

ಅವನ ಸ್ವಂತ ಗಿಟಾರ್ ಸೋದರಮಾವ ಅಂದಾನೆಪ್ಪಂದು. ರಾಣೇಬೆನ್ನೂರಿನ ಆರ್ಕೆಸ್ಟ್ರಾದಾಗ ಬಾರಸ್ತಿದ್ದ ಮನಶ್ಯಾ. ಸತ್ತು ಏಳೆಂಟು ವರ್ಷ ಆತು. ಮದವಿ ಆಗಿರಲಿಲ್ಲ, ಮಕ್ಕಳಿಲ್ಲ. ಸಿದ್ದವ್ವ ತಮ್ಮನ ಗಿಟಾರ್ ತಂದು ಮಗನ ಕೈಗೆ ಕೊಟ್ಟಳು. ಹುಡುಗ ಯಾರ ಹತ್ರಾನೂ ಕಲೀಲಿಲ್ಲ. ಹಿಡಿದ, ಬಾರಿಸಿದ. ಊರಾಗಿನ ಮದವಿ, ಗಣಪತಿ, ಎಲ್ಲಾ ಕಡೆ ಅವನ್ನ ಕರೆಯೋರು.

ಚೇತನ ಎಷ್ಟ ತಿಣಕಿದ್ರೂ ಅವಗ ಬರತಿರಲಿಲ್ಲ. ಚಾದಂಗಡ್ಯಾಗ ಇಬ್ಬರದೂ ದಿನಾ ಅದ ವಾದ.

"ನಿನ್ನ ಗಿಟಾರ್ ಛಲೋ ಐತಿ, ಅದಕ್ಕ ನಿಂದು ಕೇಳಸ್ತೈತಿ. ನನ್ನ ಹಲಗಿ ಡಬ್ಬಿ ಏನ್ ನುಡೀತೈತಿ?" ಅಂತಿದ್ದ ಚೇತನ.

"ಕೈಯಾಗ ಇರಬೇಕಲೇ ದೋಸ್ತ. ಕಟಗಿಯಾಗ ಏನೈತಿ?" ಅಂತಿದ್ದ ಪ್ರವೀಣ. ಸೊಕ್ಕಿನಿಂದ ಅಲ್ಲ. ಅವ ಖರೇನ ಹಂಗ ನಂಬಿದ್ದ.

ಹಾವೇರಿ ಪ್ರೋಗ್ರಾಂ ಬಂತು. ಆರ್ಕೆಸ್ಟ್ರಾ ಮಾಲಕ ಶ್ರೀನಿವಾಸರು ಅವತ್ತ ಒಬ್ಬನ್ನ ಕಾಯಂ ತಗೋಳೋರು. ಆಗ ಚೇತನ ಅಂದ, "ಕೈ ಮುಖ್ಯ ಅಂತಿಯಲ್ಲ? ಇವತ್ತೊಂದಿನ ಗಿಟಾರ್ ಬದಲಿ ಮಾಡೋಣು. ನಿನ್ನ ಮಾತು ನೀನ ತೋರಿಸು."

ತನ್ನ ಮಾತಿಗೆ ತಾನ ಸಿಕ್ಕಬಿದ್ದ ಹುಡುಗ. ಕೊಟ್ಟ.

ಸ್ಟೇಜಿನ ಮ್ಯಾಲ ಪ್ರವೀಣನ ಬೆರಳು ಎಲ್ಲೆಲ್ಲೋ ಬಿದ್ವು. ತಂತಿ 'ಝಿರ್ರ್' ಅಂದ್ವು, ತಗಡಿನ ಡಬ್ಬಿ ಕೆರದಂಗ. ಮಂದಿ ನಕ್ಕರು. ಆಮ್ಯಾಲ ಚೇತನ ನಿಂತ… ಏನ್ ಬಾರಿಸಿದನ್ರೀ! ಹಿಂದ ಕುಂತವರೂ ಎದ್ದ ನಿಂತರು. ಶ್ರೀನಿವಾಸರು ಅವನ ಹೆಗಲ ಮ್ಯಾಲ ಕೈ ಹಾಕಿ, "ಎಲ್ಲಿದಪಾ ಈ ಗಿಟಾರು?" ಅಂತ ಕೇಳಿದರು.

"ನಮ್ಮ ಸೋದರಮಾವಂದು ರೀ," ಅಂದ ಚೇತನ.

ಪ್ರವೀಣ ಅಲ್ಲೇ ಬಾಜೂಕ ನಿಂತಿದ್ದ. ಚೇತನ ಅವನ ಕಡೆ ತಿರುಗಿನೂ ನೋಡಲಿಲ್ಲ. ಗಿಟಾರ್ ಸಮೇತ ಮಾಲಕನ ಕಾರ್ ಹತ್ತಿದ. "ನಾಳೆ ಮಾತಾಡೋಣು," ಅಂತ ಕಿಡಕ್ಯಾಗಿಂದ ಒಂದ ಮಾತು… ಹೋತು ಕಾರು.

ಆ ರಾತ್ರಿ ಬಸ್ಸಿಳದು ನಡಕೋತ ಆಲದಮರದ ಹತ್ರ ಬರೂದ್ರಾಗ ಹುಳದ ಸಪ್ಪಳ ಗಪ್ಪಂತ ನಿಂತಿತು.

ಟಂಯ್…

ಪ್ರವೀಣ ನಿಂತ.

ಟಂಯ್… ಟೀಂಯ್… ಸಣ್ಣ ತಂತಿ ಬಿಗಿಯೂ ಸಪ್ಪಳ. ಅದರ ಜೋಡಿ ಮೂಗಿನಾಗ 'ಹ್ಞೂಂ' ಅಂತ ಸ್ವರ ಹಿಡಿಯೂದು. ಅದು ಅಂದಾನೆಪ್ಪನ ರೂಢಿ. ಸಣ್ಣಾಂವ ಇದ್ದಾಗ ಮಾವನ ತೊಡಿ ಮ್ಯಾಲ ಕುಂತು ಕೇಳಿದ್ದು ಅವಗ ಮರತಿರಲಿಲ್ಲ.

ಬಾವಿ ಕಟ್ಟಿ ಮ್ಯಾಲ ಒಬ್ಬ ಕುಂತಿದ್ದ. ಕೈಯಾಗ ಗಿಟಾರ್ ಇರಲಿಲ್ಲ. ಬೆರಳಷ್ಟ ಆಡಾಕತ್ತಿದ್ವು, ಸಪ್ಪಳ ಬರಾಕತ್ತಿತ್ತು.

"ಮಾಮಾ…?"

"ಸಣ್ಣಾಗಿ ಮಾತಾಡು."

ಹುಡುಗಗ ಅಂಜಿಕಿ ಮೊದಲ ಬರಲಿಲ್ಲ ನೋಡ್ರಿ. ಅಳು ಬಂತು. ನಮ್ಮಾಂವ ಅಂತೊಬ್ಬ ಸಿಕ್ಕನಲ್ಲ ಅಂತ.

"ಚೇತನ ಮೋಸಾ ಮಾಡಿದ ಮಾಮಾ. ನಿನ್ನ ಗಿಟಾರ್ ಒಯ್ದ. ನಿನ್ನ ತನ್ನ ಮಾವ ಅಂದ."

"ಗೊತ್ತೈತಿ. ನಾ ಅಲ್ಲೇ ಇದ್ದೆ."

"ಅಲ್ಲೇ ಇದ್ದಿ?"

"ಮತ್ತ ಬಾರಿಸಿದವರ‍್ಯಾರು?"

ಗಾಳಿ ಇರಲಿಲ್ಲ. ಆದ್ರೂ ಮ್ಯಾಲಿನ ಎಲಿ ಸರಸರ ಅಂದ್ವು.

"ಅವನ ಜೋಡಿ… ನೀ ಬಾರಿಸಿದಿ?"

"ನಿನ್ನ ಜೋಡೀನೂ ನಾನ ಬಾರಸ್ತಿದ್ದೆ."

"ಮತ್ತ ನನ್ನ ಕೈ?"

"ನೀ ಹಿಡಕೊಂಡಿದ್ದಿ."

ಆ ಮಾತಿನ್ಯಾಗ ಸಿಟ್ಟಿರಲಿಲ್ಲ, ಮಮತಾನೂ ಇರಲಿಲ್ಲ. ಬಸ್ಸಿನ್ಯಾಗ ಬಾಜೂಕ ಕುಂತಾಂವ ಹೇಳಿದಂಗ ಹೇಳಿದ. ಪ್ರವೀಣಗ ಚೇತನ ಮಾಡಿದ್ದು ಅಷ್ಟ ಸುಟ್ಟಿರಲಿಲ್ಲ… ಇದು ಸುಟ್ಟಿತು. ಇಷ್ಟ ವರ್ಷದ ಚಪ್ಪಾಳಿ, ಶಾಲು, ಅವ್ವನ ಖುಷಿ. ಒಂದೂ ತನ್ನದಲ್ಲ.

"ನಾ ನಿಮ್ಮ ಅಕ್ಕನ ಮಗ ಅಲ್ಲೇನು? ಮನಿಗೆ ಬಾ ಮಾಮಾ."

"ಆ ಗಿಟಾರ್ ಎಲ್ಲೈತೋ ನಾ ಅಲ್ಲಿರಬೇಕು, ಅದರ ಕಡೆನ ಹೊಂಟೇನಿ. ನಿನ್ನ ಕೈಯಾರೆ ಕೊಟ್ಟಿ."

ಎದ್ದ ನಿಂತ ಅಂದಾನೆಪ್ಪ. ಪ್ಯಾಂಟಿನ ಹಿಂದಿನ ಧೂಳಾ ಝಾಡಿಸಿದ… ಥಪ್, ಥಪ್. ಬಗ್ಗಿ, ಕಿವಿ ಹತ್ರ ಬಂದು ಕೇಳಿದ.

"ಆ ಹುಡುಗನ ಮನಿ ಯಾವ ಕಡೆ?"

ಹೇಳಬಾರದು ಅಂತ ಅನಿಸಿತ್ತಂತ. ಖರೇ ಹೇಳ್ತೇನಿ, ಅನಿಸಿತ್ತಂತ. ಆದ್ರ ಕೈ ಎತ್ತಿ ಸ್ಟೇಷನ್ ಕಡೆ ತೋರಿಸಿದ. "ಹೋಗು," ಅಂದ. "ಹೋಗು, ಅವಂದೂ ನನ್ನಂಗ ಆಗಲಿ."

ಚಪ್ಪಲಿ ಸಪ್ಪಳ ಚಟ್… ಚಟ್… ದೂರ ಹೋತು. ಹುಳ ಮತ್ತ ಒದರಾಕ ಹತ್ತಿದ್ವು.

ಮರದಿನ ಮುಂಜಾನೆ ಪ್ರವೀಣ ಚೇತನನ ಮನಿಗೆ ಹೋದ. ರೊಕ್ಕ, ಹೆಸರು ಏನೂ ಬ್ಯಾಡಾಗಿತ್ತು. ಮಾವನ್ನ ವಾಪಸ್ ತರೂದಿತ್ತು.

"ಗಿಟಾರ್ ಕೊಡಲೇ."

ಚೇತನ ಹೊಸ್ತಿಲದಾಗ ನಿಂತು ನಕ್ಕ. "ಕೈ ಮುಖ್ಯ, ಕಟಗಿಯಾಗ ಏನೈತಿ ಅಂದಾವ ನೀನ ಅಲ್ಲೇನು?" ಬಾಗಿಲಾ ಹಾಕಿದ. ಒಳಗ ಸಣ್ಣ ತಂತಿ ಬಿಗಿಯೂ ಸಪ್ಪಳ ಕೇಳಸ್ತಿತ್ತು. ಅಗಳಿ ಸರಿಯೂ ಸಪ್ಪಳಾನೂ ಆವಾಗನ ಕೇಳಿದ್ದು, ಅಂದ್ರ ಚೇತನನ ಕೈ ಇನ್ನೂ ಅಗಳಿ ಮ್ಯಾಲನ ಇತ್ತು.

ಒಳಗ ತಂತಿ ಬಿಗಿಯಾಕತ್ತಾಂವ ಯಾರು ಅಂತ ಪ್ರವೀಣ ಅವಗ ಹೇಳಲಿಲ್ಲ. ಹೇಳಬೇಕಾಗಿತ್ತೋ ಏನೋ. ಅವಗೂ ಯಾರೂ ಹೇಳಿರಲಿಲ್ಲ.

ಮನಿಗೆ ಬಂದು ಚೇತನನ ಗಿಟಾರ್ ತಗೊಂಡು ಹಟಕ್ಕ ಬಿದ್ದು ಸಂಜಿತನಕ ಬಾರಿಸಿದ. ಎಡಗೈ ಬೆರಳು ಒಡದು ರಕ್ತ ಬಂತು. ಸಿದ್ದವ್ವ ಅರಿಷಿಣ ಹಚ್ಚಾಕ ಅಂತ ಆ ಕೈ ಹಿಡದಳು… ಹಿಡದಾಕಿ ಹಂಗ ಕುಂತಳು. ಗಿಟಾರ್ ಬಾರಸವರ ಎಡಗೈ ಬೆರಳ ತುದಿ ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿರತಾವ್ರಿ. ಆಕಿ ತಮ್ಮನ ಬೆರಳು ಹಂಗ ಇದ್ವು, ಆಕಿಗೆ ಗೊತ್ತು.

ನಂಬೂದು ಬಿಡೂದು ನಿಮಗ ಬಿಟ್ಟದ್ದು. ಅವತ್ತ ಅರಿಷಿಣದ ಬಟ್ಟಲಾ ಹಿಡಕೊಂಡು ಬಾಜೂಕ ಕುಂತಾಕಿ ನಾನ. ಇಷ್ಟ ವರ್ಷ ಬಾರಿಸಿದ ಆ ಹುಡುಗನ ಬೆರಳು ನಾನೂ ಮುಟ್ಟಿ ನೋಡೇನಿ. ಕೂಸಿನ ಬೆರಳಿನಂಗ ಮೆತ್ತಗಿದ್ವು.