ಎರಡು ಪೆಡಲಿನ ಕಾರು

ಹೇಳಿಕೆ ಕೊಡುತ್ತಿರುವವಳು: ಗಡಿಯಾರ ರಿಪೇರಿ ಮಾಡುತ್ತಿದ್ದವರ ಕಿರಿಯ ಮಗಳು, ವಯಸ್ಸು 43 ವರ್ಷ, ಉದ್ಯೋಗ ಆಸ್ಪತ್ರೆಯಲ್ಲಿ ನರ್ಸ್, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಮೂಲೆ ಮನೆ. ಈ ದಿನ ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ:

ನನಗೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಡ್ತಿ ಸಿಕ್ಕಿರುತ್ತದೆ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ಅದು ಬೇರೆಯವರ ಪಾಲಾಗುತ್ತದೆ. ಆದ್ದರಿಂದ ತಂದೆಯವರು ಬಿಟ್ಟುಹೋದ, ಮೂರು ವರ್ಷ ಷೆಡ್ಡಿನಲ್ಲೇ ನಿಂತಿದ್ದ ಹಳೆಯ ಕಾರಿನಲ್ಲಿ ಡ್ರೈವಿಂಗ್ ಕಲಿಯುತ್ತಿದ್ದೆ. ಕಲಿಸುತ್ತಿದ್ದವರು ನನ್ನ ಭಾವ, ಅಂದರೆ ಅಕ್ಕನ ಗಂಡ, ನಿವೃತ್ತ ಬಸ್ ಚಾಲಕರು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿರುವಂತೆ, ನನ್ನ ಬ್ರೇಕ್ ಪೆಡಲಿಗೆ ಜೋಡಿಸಿದ ಇನ್ನೊಂದು ಪೆಡಲನ್ನು ಅವರು ಎಡಗಡೆ ಸೀಟಿನ ಮುಂದೆ ಹಾಕಿಸಿದ್ದರು. ಕಾರನ್ನು ಷೆಡ್ಡಿನಿಂದ ತೆಗೆಯುವುದೂ ಒಳಗೆ ನಿಲ್ಲಿಸುವುದೂ ಕಲಿಯುವವಳ ಕೆಲಸವೆಂದು ಹೇಳಿ, ಒಂದು ದಿನವೂ ಅವರು ಡ್ರೈವರ್ ಸೀಟಿನಲ್ಲಿ ಕೂತವರಲ್ಲ.

ಮೊದಲ ದಿನದಿಂದಲೂ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ನನ್ನ ಪಾದಕ್ಕೆ ತಿರುಗಿ ಒದೆಯುತ್ತಿತ್ತು. ಭಾವ ನನ್ನ ಮೇಲೆ ನಂಬಿಕೆಯಿಲ್ಲದೆ ಆ ಕಡೆಯಿಂದ ಒತ್ತುತ್ತಿದ್ದಾರೆಂದು ನಾನು ತಿಳಿದೆ. ಅವರ ಪೆಡಲೂ ಒದೆಯುತ್ತಿತ್ತಂತೆ. ನಾನು ಹೆದರಿ ಒತ್ತುವುದು ಬಿಡುವುದು ಮಾಡುತ್ತಿದ್ದೇನೆಂದು ಅವರು ತಿಳಿದರು. ಸ್ಟಿಯರಿಂಗ್ ನಡುಗುವುದನ್ನು ನಾನೂ ನನ್ನ ಕೈ ನಡುಕವೆಂದೇ ನಂಬಿದ್ದೆ. ನಾನು ಬಾಯಿ ತೆರೆದರೆ ಸಾಕು, ಭಾವ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅದೇ ಮಾತು. ಅಕ್ಕನೂ ಗಂಡನ ಪರ ವಹಿಸಿ, ಬಸ್ಸನ್ನೇ ಪಳಗಿಸಿದವರಿಗೆ ನೀನು ಹೇಳಿಕೊಡುತ್ತೀಯಾ ಎಂದಳು. ಇದೇ ಕಾರಿನಲ್ಲಿ ಎರಡು ಸಲ ಪರೀಕ್ಷೆಗೆ ಹೋಗಿ, ಎರಡು ಸಲವೂ ಬ್ರೇಕ್ ಹಿಡಿಯಲು ಬರುವುದಿಲ್ಲವೆಂದು ಫೇಲಾದೆ. ಮೂರನೆಯ ಪರೀಕ್ಷೆ ನಾಳೆ ಇದೆ. ನನಗೆ ಸಾಕುಸಾಕಾಗಿ ಹೋಗಿತ್ತು.

ಈ ದಿನ ಸಂಜೆ 4.40ರ ಸುಮಾರಿಗೆ ಆಸ್ಪತ್ರೆ ಇಳಿಜಾರಿನಲ್ಲಿ ಬರುತ್ತಿದ್ದಾಗ ಸಿಗ್ನಲ್ ಕೆಂಪಾಯಿತು. ನಾನು ಬ್ರೇಕ್ ಒತ್ತಿದೆ, ಪೆಡಲ್ ಒದೆಯಿತು. ದಯವಿಟ್ಟು ಕಾಲು ತೆಗೆಯಿರಿ ಎಂದು ಹೇಳಿದೆ. ತಾವು ಒತ್ತುತ್ತಿಲ್ಲವೆಂದು ತೋರಿಸಲು ಅವರು ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅದೇ ಗಳಿಗೆಯಲ್ಲಿ, ಹಾಗಾದರೆ ನೀವೇ ನಿಲ್ಲಿಸಿಕೊಳ್ಳಿ ಎಂದು ನಾನೂ ಕಾಲು ತೆಗೆದೆ. ಬ್ರೇಕಿನ ಮೇಲೆ ಯಾರ ಕಾಲೂ ಇರಲಿಲ್ಲ. ಕಾರು ತನ್ನ ಪಾಡಿಗೆ ತಾನು ಹದಿನೈದು ಅಡಿ ಮುಂದೆ ಹೋಗಿ ಬ್ಯಾರಿಕೇಡಿಗೆ ಗುದ್ದಿತು. ಬ್ಯಾರಿಕೇಡ್ ಸಿಗ್ನಲ್ ಬಳಿ ಕರ್ತವ್ಯದಲ್ಲಿದ್ದ ಪೇದೆಯವರ ಬೈಕಿನ ಮೇಲೆ ಬಿತ್ತು. ಯಾರಿಗೂ ಗಾಯವಾಗಿಲ್ಲ.

ಪೇದೆಯವರು ಕಾರನ್ನು ಠಾಣೆಗೆ ತರುವಂತೆ ಭಾವನಿಗೆ ಹೇಳಿ, ನನ್ನನ್ನು ನಡೆಸಿಕೊಂಡು ಬಂದರು. ಷೆಡ್ಡಿನಿಂದ ಹೊರತೆಗೆದ ಮೇಲೆ ಎಡಗಡೆ ಸೀಟು ಖಾಲಿಯಿಟ್ಟುಕೊಂಡು ಆ ಕಾರನ್ನು ಯಾರಾದರೂ ಓಡಿಸಿದ್ದು ಅದೇ ಮೊದಲು. ಠಾಣೆಯ ಅಂಗಳಕ್ಕೆ ಬಂದ ಭಾವ ಇಳಿಯಲಿಲ್ಲ. ನಿಧಾನವಾಗಿ ಸುತ್ತು ಹಾಕುತ್ತ ಮತ್ತೆ ಮತ್ತೆ ಬ್ರೇಕ್ ಒತ್ತಿ ನೋಡಿದರು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಪೆಡಲ್ ಒದೆಯುತ್ತಿತ್ತಂತೆ. ಆಮೇಲೆ ಪೆಡಲ್ ಮುಟ್ಟದೆ, ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವ ಹ್ಯಾಂಡ್‌ಬ್ರೇಕ್ ಮಾತ್ರ ಎಳೆದು ನಿಲ್ಲಿಸಿದರು, ನಡುಕ ಬರಲಿಲ್ಲ. ಹಿಂದಿನ ಚಕ್ರ ಸರಿಯಿದೆ, ತೊಂದರೆ ಮುಂದಿನದು ಎಂದು ತಮಗೆ ತಾವೇ ಹೇಳಿಕೊಂಡು, ಜಾಕ್ ಹಾಕಿ ಚಕ್ರ ಬಿಚ್ಚಿದರು. ಮೂರು ವರ್ಷ ಬ್ರೇಕ್ ಪ್ಯಾಡ್ ಕಚ್ಚಿಕೊಂಡಿದ್ದ ಜಾಗದಲ್ಲಿ, ಚಕ್ರದ ಜೊತೆ ತಿರುಗುವ ಡಿಸ್ಕ್ ತುಕ್ಕು ಹಿಡಿದು ಉಬ್ಬುತಗ್ಗಾಗಿತ್ತು. ಪ್ರತಿ ಸುತ್ತಿಗೂ ಆ ಉಬ್ಬು ಪ್ಯಾಡನ್ನು ತಳ್ಳಿ, ಅದೇ ಒದೆತ ಪೆಡಲಿಗೆ ಬರುತ್ತಿತ್ತು. ಭಾವ ಕುಕ್ಕರುಗಾಲಿನಲ್ಲಿ ಕೂತು ಅದರ ಮೇಲೆ ಉಗುರು ಎಳೆದು ನೋಡಿದರು. ನಂತರ ಪೇದೆಯವರ ಎದುರಿಗೇ, "ನೆಲವೇ ಡೊಂಕಿತ್ತು ಕಣಮ್ಮ" ಎಂದರು.

ಕಾಲು ತೆಗೆದದ್ದು ನನ್ನ ತಪ್ಪು, ಬೈಕಿನ ರಿಪೇರಿ ಮಾಡಿಸಿಕೊಡುತ್ತೇನೆ. ಹೇಳಿಕೆ ಬರೆದುಕೊಳ್ಳುತ್ತಿರುವ ಸಾಹೇಬರು ಭಾವ ಹೇಳಿದ ಮೇಲಿನ ಮಾತು ಕೇಸಿಗೆ ಬೇಡವೆಂದು ಒಮ್ಮೆ ಹೊಡೆದುಹಾಕಿದ್ದರು. ಅದಿಲ್ಲದೆ ಸಹಿ ಮಾಡುವುದಿಲ್ಲವೆಂದು ಕೂತೆ, ಈಗ ಸೇರಿಸಿದ್ದಾರೆ. ನಾಳೆಯ ಪರೀಕ್ಷೆಗೆ ಭಾವ ಸ್ನೇಹಿತರ ಕಾರು ತರುತ್ತಾರೆ. ಅದರಲ್ಲಿ ಬ್ರೇಕ್ ಪೆಡಲ್ ಒಂದೇ ಇದೆಯಂತೆ. ಈ ಹೇಳಿಕೆಯ ಒಂದು ಪ್ರತಿ ಪರೀಕ್ಷೆಯ ಅಧಿಕಾರಿಗೆ ತೋರಿಸಲು ಬೇಕು. ಇನ್ನೊಂದು ಅಕ್ಕನಿಗೆ.

ಓದಿ ಹೇಳಿದ್ದನ್ನು ಕೇಳಿರುತ್ತೇನೆ. ನಾನು ಹೇಳಿದ್ದೇ ಇದೆ, ಒಂದು ಮಾತೂ ಬಿಟ್ಟಿಲ್ಲ.

ಸ್ಥಳ: ಸಂಚಾರ ಠಾಣೆ
ದಿನಾಂಕ: ಈ ತಿಂಗಳ 27
(ಸಹಿ)