ಪಂಪ್ ನಿಲ್ಲಿಸಿ ತೆಗೆದ ಗ್ರಾಫ್

ಇಲ್ಲ ಇಲ್ಲ, ಚಹಾ ಬೇಡ. ಪಾತ್ರೆ ಎಲ್ಲ ಕಟ್ಟಿಟ್ಟಿದ್ದೀಯ, ಮತ್ತೆ ಯಾಕೆ ಬಿಚ್ಚೋಕೆ ಹೋಗ್ತೀಯ ಸಿಂಧೂರ? ಕೂತ್ಕೋ. ನಾನು ಈ ರಟ್ಟಿನ ಪೆಟ್ಟಿಗೆ ಮೇಲೇ ಕೂರ್ತೀನಿ... ಒಳಗೆ ಪುಸ್ತಕ ತಾನೆ? ಸರಿ. ಇಂದಿರಾಪುರಂನಿಂದ ನಿನ್ನ ಈ ಗುರುಗ್ರಾಮಕ್ಕೆ ಭಾನುವಾರ ಬೆಳಿಗ್ಗೆಯೂ ಎರಡು ಗಂಟೆ. ಕ್ಯಾಬಿನ ಭಯ್ಯಾ ದಾರಿಯುದ್ದಕ್ಕೂ ಫೋನಲ್ಲಿ ಹೆಂಡತಿ ಜೊತೆ ಜಗಳ. ಚಲೋ, ಬಂದಾಯ್ತಲ್ಲ.

ಹೂಂ, ಅದೇ ಕಾಗದ. ಒಂದೇ ಒಂದು ಸೈನು. ಬೋರ್ಡಿಗೆ ಹೊರಗಿನ ವೈರ್ ಹಾಗೇ ಬಿಟ್ಟು ಅಳತೆ ತೆಗೆದದ್ದು ನನ್ನ ಕಣ್ತಪ್ಪು ಅಂತ, ಅಷ್ಟೇ ನಿನ್ನ ಹೆಸರಲ್ಲಿ ಬರೆದಿರೋದು. ನೀನು ಸೈನ್ ಹಾಕಿದ್ರೆ ನಾಳೆಯೇ ರಿಲೀವಿಂಗ್ ಲೆಟರ್ ಕೊಡ್ತಾರಂತೆ. ಇಲ್ಲಾಂದ್ರೆ ವಿಚಾರಣೆ ಎಳೀತಾರೆ, ಆರು ತಿಂಗಳೋ ವರ್ಷವೋ. ಅಲ್ಲೀತನಕ ನಿನ್ನನ್ನ ಯಾರು ಕೆಲಸಕ್ಕೆ ತಗೋತಾರೆ ಹೇಳು. ನಿನ್ನ ಒಳ್ಳೇದಕ್ಕೇ ಬಂದೆ ನಾನು.

ಯಾಕೆ ನಗ್ತೀಯ?

ನಗು, ನಗು. ನಿನ್ನೆ ಮೀಟಿಂಗಲ್ಲಿ ನೀನು ತುಟಿ ಪಿಟಕ್ ಅನ್ನದೆ ಎದ್ದು ಹೋದ ಮೇಲೆ ನಾನು ಅನುಭವಿಸಿದ್ದು ನನಗೇ ಗೊತ್ತು. ಎಚ್.ಆರ್.ನ ಆ ರಾಹುಲ್‌ಗೆ ಅ ಆ ಇ ಈಯಿಂದ ಹೇಳಬೇಕಾಯ್ತು. ನೋಡಪ್ಪಾ, ರೇಡಿಯೋ ಸಿಗ್ನಲ್ಲನ್ನ ಈ ಕಡೆ ಆ ಕಡೆ ತಿರುಗಿಸೋ ಸ್ವಿಚ್ಚು, ಅದನ್ನ ನಡೆಸೋಕೆ ಒಂದು ಡ್ರೈವರ್ ಚಿಪ್ಪು. ಸ್ವಿಚ್ಚಿಗೆ ಮೈನಸ್ ವೋಲ್ಟೇಜ್ ಬೇಕು, ಅದನ್ನ ಡ್ರೈವರ್ ಒಳಗಿನ ಪಂಪ್ ತಯಾರಿಸುತ್ತೆ, ಪಂಪು ಓಡೋವಾಗ ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುತ್ತೆ. ಆ ಟಿಕ್ ಟಿಕ್ಕೇ ಆಂಟೆನಾದಿಂದ ಬರೋ ಬಡಪಾಯಿ ಸಿಗ್ನಲ್ಲಿಗೆ ಸೇರಿಕೊಂಡು ಹಾಳು ಮಾಡೋದು ಅಂತ. ಅವನು ತಲೆದೂಗಿ ಕೇಳ್ತಾನೆ, ಅಚ್ಛಾ, ಹಾಗಾದ್ರೆ ಪಂಪ್ ಆಫ್ ಮಾಡಿಬಿಡಿ ಮೇಡಂ. ಇಂಥವರು ಕಣೆ ನಮ್ಮ ಹಣೆಬರಹ ಬರೆಯೋರು.

ವರ್ಷವಿಡೀ ಆ ಟಿಕ್ ಟಿಕ್ ಹಿಂದೆ ಬಿದ್ದಿದ್ವಲ್ಲ ನಾವು. ಕೆಪಾಸಿಟರ್ ಬದಲಾಯಿಸಿದ್ವಿ, ಬೋರ್ಡು ಮೂರು ಸಲ ಹೊಸದಾಗಿ ಮಾಡಿಸಿದ್ವಿ. ಸ್ವಿಚ್ ತಿರುಗೋ ಹೊತ್ತಿಗೆ ಮಾತ್ರ ಪಂಪ್ ಜೋರಾಗಿ ಓಡಲಿ, ಆಮೇಲೆ ನಿಧಾನ ಮಾಡೋಣ ಅಂದವಳು ನೀನು. ಅದರಿಂದಲೇ ಮುಕ್ಕಾಲು ಗದ್ದಲ ಇಳೀತು. ನಾನು ಇಲ್ಲ ಅನ್ನಲ್ಲ, ಎಲ್ಲರ ಮುಂದೆಯೂ ಹೇಳಿದ್ದೀನಿ... ಎಲ್ಲರ ಮುಂದೆ ಅಂದ್ರೆ, ಮನೇಲಿ ನಮ್ಮೆಜಮಾನರ ಮುಂದೆ. ಇನ್ನು ಕಾಲು ಭಾಗ, ದರಿದ್ರದ್ದು, ಇಳಿಯಲೇ ಇಲ್ಲ.

ಆ ಅಭಿಷೇಕ್, ನಾನು ಕೈ ಹಿಡಿದು ಸೋಲ್ಡರಿಂಗ್ ಕಲಿಸಿದ ಹುಡುಗ, ಈಗ ನನಗೇ ಬಾಸು. ಹೋದ ತಿಂಗಳು ಬಂದು, ರತ್ನಪ್ರಭಾಜೀ, ಶುಕ್ರವಾರದೊಳಗೆ ಕಸ್ಟಮರ್‌ಗೆ ಗದ್ದಲ ಇಳಿದ ಗ್ರಾಫ್ ಹೋಗದಿದ್ರೆ ಲ್ಯಾಬ್ ಮುಚ್ಚೋದೇ ಅಂದ, ಸಮೋಸಾ ತಿನ್ನುತ್ತಾ. ಇಪ್ಪತ್ತಾರು ವರ್ಷ ದುಡಿದಿದ್ದೀನಿ ನಾನು. ಮೂರು ಸಲ ಪ್ರಮೋಷನ್ ಪಟ್ಟಿಯಿಂದ ಹೆಸರು ತೆಗೆದರು. ಕಣ್ಣೀರು ಹಾಕಲಿಲ್ಲ, ಊಟದ ಡಬ್ಬಿ ತಗೊಂಡು ಮಾರನೇ ದಿನ ಹೋದೆ. ಹೊಟ್ಟೆ ಉರಿಯೋದಿಲ್ವಾ ಸಿಂಧೂರ?

ಹಾಗೆ ನೋಡಬೇಡ. ಕಾಗದದ ವಿಷಯಕ್ಕೆ ಬರ್ತೀನಿ.

ವೈರ್ ಹಾಕೋದು ತಪ್ಪಲ್ಲ ಅಂತ ನಾನೇ ಅವರಿಗೆ ಹೇಳಿದೆ. ಗದ್ದಲ ಪಂಪಿನದೋ ಬೇರೆ ಕಡೆಯದೋ ಅಂತ ಪತ್ತೆ ಮಾಡೋಕೆ ಪಂಪ್ ನಿಲ್ಲಿಸಿ, ಮೇಜಿನ ಮೇಲಿನ ಸಪ್ಲೈಯಿಂದ ವೈರ್ ಎಳೆದು ಮೈನಸ್ ಕೊಡ್ತೀವಿ. ಆದರೆ ವೈರ್ ಹಾಕಿದವರು ಬೋರ್ಡಿಗೆ ಕಲಾವಾ ಕಟ್ಟಬೇಕು, ಮಂದಿರದಲ್ಲಿ ಕೈಗೆ ಕಟ್ತಾರಲ್ಲ, ಆ ಕೆಂಪು ದಾರ. ದಾರ ಇರೋವಾಗ ತೆಗೆದ ಗ್ರಾಫ್ ಪಂಪ್ ನಿಂತಾಗಿನದು, ರಿಪೋರ್ಟಿಗೆ ಹೋಗೋ ಹಾಗಿಲ್ಲ. ನಮ್ಮ ಲ್ಯಾಬಿಗೆ ಆ ನೇಮ ಮಾಡಿದವಳೇ ನಾನು. ಈಗ ರಿಪೋರ್ಟಿನ ಫೋಟೋದಲ್ಲಿ ವೈರ್ ಕಾಣ್ತಿದೆ, ದಾರ ಇಲ್ಲ. ಕಸ್ಟಮರ್ ತಮ್ಮಲ್ಲಿ ಅಳೆದು ನೋಡಿದ್ರು, ಪಂಪ್ ಓಡ್ತು, ಗದ್ದಲ ಹಾಗೇ ಇತ್ತು. ಆರ್ಡರ್ ಹೋಯ್ತು. ಅಳತೆ ತೆಗೆದವರು ಅನ್ನೋ ಜಾಗದಲ್ಲಿ ನಿನ್ನ ಹೆಸರಿದೆ. ದಾರ ಕಟ್ಟೋದು ಮರೆತಳು ಅಂತ ತೀರ್ಮಾನ ಮಾಡಿದರು. ನಾನೇನು ಮಾಡಲಿ?

ಮರೆಯೋ ಹುಡುಗಿ ಅಲ್ಲ ನೀನು, ಅದೂ ಹೇಳ್ಬೇಕು. ಕಟ್ಟಿದರೆ ಎಂಥ ಗಂಟು ಹಾಕ್ತೀಯ ಮಹರಾಯ್ತಿ, ಬಿಚ್ಚೋಕೆ ಹೋದ್ರೆ ಉಗುರೇ ಕಿತ್ತು ಬರಬೇಕು. ಆವತ್ತು ನನ್ನ...

ಆವತ್ತು ಅಂದ್ರೆ... ಬೇರೆ ಯಾವತ್ತೋ. ಹೋದ ವರ್ಷ ಇರಬೇಕು.

ಏನು? ಏನು ನೋಡ್ತಿದ್ದೀಯ ನನ್ನ ಬೆರಳನ್ನ?

ನೀನು ವೈರ್ ಹಾಕಿ, ದಾರ ಕಟ್ಟಿ ಊಟಕ್ಕೆ ಹೋಗಿದ್ದೆ. ನಾನೇ ಕಳಿಸಿದ್ದು, ಹೋಗು ಹೋಗು, ರಾಜ್ಮಾ ಖಾಲಿಯಾಗುತ್ತೆ ಅಂತ. ಪರದೆ ಮೇಲೆ ಆ ಗೆರೆ ಎಷ್ಟು ಸಪಾಟಾಗಿತ್ತು ಗೊತ್ತಾ... ಒಂದೂ ಮುಳ್ಳಿಲ್ಲ. ವರ್ಷದಿಂದ ಅಂಥದ್ದಕ್ಕೇ ಕಾಯ್ತಿದ್ದೆ. ದಾರ ಬಿಚ್ಚಿದೆ. ಬೋರ್ಡಿನ ಫೋಟೋ ತೆಗೆದೆ, ಗ್ರಾಫ್ ಜೊತೆ ರಿಪೋರ್ಟಿಗೆ ಹಾಕಿದೆ. ವೈರಿನ ತುದಿ ಮೂಲೆಯಲ್ಲಿ ಬಂದಿದ್ದು ಕಾಣಲಿಲ್ಲ, ಕನ್ನಡಕ ಹಾಕಿರಲಿಲ್ಲ. ಆಮೇಲೆ ದಾರ ಹೇಗಿತ್ತೋ ಹಾಗೆ ಕಟ್ಟಿಟ್ಟೆ. ಇನ್ನೊಂದು ತಿಂಗಳು ಸಿಕ್ಕರೆ ಉಳಿದ ಕಾಲು ಭಾಗವನ್ನೂ ಇಳಿಸಿಬಿಡ್ತೀವಿ, ಆಗ ಯಾರಿಗೂ ಸುಳ್ಳಾಗಲ್ಲ ಅಂದುಕೊಂಡೆ. ಅಷ್ಟೇ ಕಣೆ. ನಿನ್ನ ಹೆಸರು... ಅಲ್ಲಿ ಯಾವಾಗಲೂ ನಿನ್ನ ಹೆಸರೇ ಇರ್ತಿತ್ತು, ಬದಲಾಯಿಸಲಿಲ್ಲ.

ಬೈಯೇ. ಬಾಯಿಗೆ ಬಂದ ಹಾಗೆ ಬೈದುಬಿಡು ನನ್ನ.

ನಿನಗೆ ಆಶ್ಚರ್ಯವೇ ಆಗ್ತಿಲ್ಲ...

ಗೊತ್ತಿತ್ತಾ? ಊಟ ಮುಗಿಸಿ ಬಂದಾಗಲೇ? ನಾನು ಕಟ್ಟಿದ ಗಂಟು ನೋಡಿದ್ಯಾ? ಮತ್ತೆ ನಿನ್ನೆ ಅಷ್ಟು ಜನರ ಮುಂದೆ ಯಾಕೆ ಸುಮ್ಮನೆ ಕೂತಿದ್ದೆ? ಒಂದು ಮಾತು ಅಂದಿದ್ದರೆ ಸಾಕಿತ್ತಲ್ಲ. ನಾನೇ ಹೇಳಲಿ ಅಂತ ಕಾಯ್ತಿದ್ದೆಯಾ? ಅರ್ಧ ಗಂಟೆ ನನ್ನನ್ನೇ ನೋಡ್ತಾ ಕೂತಿದ್ದೆಯಲ್ಲ, ಅದಕ್ಕೇನಾ?

ಪೆನ್ ಯಾಕೆ? ತಡಿ. ಸಿಂಧೂರ, ತಡಿ, ಓದೋದಾದ್ರೂ ಓದು. ನಾನು ಇಷ್ಟು ಹೇಳಿದ ಮೇಲೂ...

ಸೈನ್ ಮಾಡೇಬಿಟ್ಟೆಯಲ್ಲ.

ನೀನು ದಿಲ್ಲಿಗೆ ಬಂದಾಗ ಮೂರು ತಿಂಗಳು ನಮ್ಮನೇಲಿ ಇದ್ದೆಯಲ್ಲ, ಆ ಅನ್ನದ ಋಣಕ್ಕಾ? ಅಕ್ಕಾ ಅಕ್ಕಾ ಅಂತ ಅಡುಗೆಮನೆಯಲ್ಲಿ ಹಿಂದೆ ಹಿಂದೆ ತಿರುಗ್ತಿದ್ದೆ. ಇವತ್ತು ನಾನು ಬಂದಾಗಿನಿಂದ ಒಂದು ಸಲವೂ ಅಕ್ಕಾ ಅನ್ನಲಿಲ್ಲ ನೀನು. ಒಂದು ಸಲ ಅನ್ನು, ಈ ಕಾಗದ ಇಲ್ಲೇ ಹರಿದು ಹಾಕ್ತೀನಿ. ಸೋಮವಾರ ಹೋಗಿ ನಾನೇ ಹೇಳ್ತೀನಿ.

ಅನ್ನಲ್ವಾ?

ನೀನು ಅಂದಿದ್ದರೂ ನಾನು ಹರೀತಿರಲಿಲ್ಲ. ಅದೂ ಗೊತ್ತು ನಿನಗೆ, ಅಲ್ವಾ?

ಸರಿ. ಕ್ಯಾಬ್ ಕಾಯ್ತಿದೆ. ಕೊಡು ಇಲ್ಲಿ... ಮಡಿಚಬೇಡ, ಕವರ್ ತಂದಿದ್ದೀನಿ.